ಶಂಭುವಿನ ಹಾಜರಿ

ಆ ಚಿಮಿಣಿ ದೀಪದ ಬತ್ತಿ ಸ್ವಲ್ಪ ಇಳಿಸಿ... ಸಾಕು. ಇದು ದೊಡ್ಡ ಸ್ವರದಲ್ಲಿ ಹೇಳುವ ಸಂಗತಿ ಅಲ್ಲ. ನಂಬುವುದು ಬಿಡುವುದು ನಿಮ್ಮ ಇಷ್ಟ. ನಡುವೆ ಕಿಸಕ್ಕನೆ ನಗುವವರಿದ್ದರೆ ಈಗಲೇ ಎದ್ದು ಹೋಗಿ ಮಲಗಿಬಿಡಿ. ನಡೆದದ್ದು ನಮ್ಮ ನೆರೆಮನೆಯ ಲೋಕನಾಥ ಮಾಸ್ಟ್ರಿಗೆ. ಅರುವತ್ತೆರಡನೇ ಇಸವಿ ಇರಬೇಕು. ಕೊಯ್ಲು ಮುಗಿದು ಗದ್ದೆಯೆಲ್ಲ ಖಾಲಿ ಬಿದ್ದಿದ್ದ ಸಮಯ.

ಮೂಡುಬಿದಿರೆಯಿಂದ ಬಂಟ್ವಾಳಕ್ಕೆ ಬರುವ ಕೊನೆಯ ಬಸ್ಸು ಆ ರಾತ್ರಿ ದಾರಿಯಲ್ಲಿ ಟಯರು ಒಡೆದು ನಿಂತಿತ್ತು. ಸಿದ್ಧಕಟ್ಟೆ ಮುಟ್ಟುವಾಗ ಅಂಗಡಿಗಳಿಗೆ ಹಲಗೆ ಹಾಕಿ ಎಷ್ಟೋ ಹೊತ್ತಾಗಿತ್ತು. ಇಳಿದವರು ಮಾಸ್ಟ್ರು ಒಬ್ಬರೇ. ಬಸ್ಸಿನ ಕಿಟಿಕಿಯಿಂದ ಒಂದು ತಲೆ ಹೊರಗೆ ಬಂತು. ಅದು ಇದಿನಬ್ಬ. ಮಾಸ್ಟ್ರ ಕಾಲೇಜು ಗೆಳೆಯ. ಬಂಟ್ವಾಳದಲ್ಲಿ ಮರದ ವ್ಯಾಪಾರ ಮಾಡಿ, ಈಗ ಅದನ್ನು ಅಳಿಯನಿಗೆ ಬಿಟ್ಟು ಆರಾಮಾಗಿದ್ದವರು.

"ಒಬ್ಬನೇ ಹೋಗ್ತೀಯಾ ಮಾರಾಯ? ನಾನೂ ಇಳಿತೇನೆ. ಬೆಳಿಗ್ಗೆ ಹೋದ್ರಾಯ್ತು."

"ಬೇಡ. ನಿನಗೆ ಮನೆಯಲ್ಲಿ ಕಾಯ್ತಾರೆ."

"ನಿನಗೂ..." ಎಂದು ಶುರುಮಾಡಿದ ಇದಿನಬ್ಬ ಅಲ್ಲಿಗೇ ನಿಲ್ಲಿಸಿದರು. ಮಾಸ್ಟ್ರ ಹೆಂಡತಿ ಅಮ್ಮಣ್ಣಿ ತೀರಿಹೋಗಿ ಒಂದು ವರ್ಷ ಆಗಿತ್ತು. ಬಸ್ಸು ಹೊರಟಿತು.

ರಸ್ತೆಯಿಂದ ಮನೆಗೆ ಗದ್ದೆಯ ಹುಣಿಯ ಮೇಲೆಯೇ, ಆ ಸಪೂರ ಬದುವಿನ ಮೇಲೆಯೇ ದಾರಿ. ನಡುವೆ ಒಂದು ದೊಡ್ಡ ಗೋಳಿಮರ, ಅದರ ಬುಡದಲ್ಲಿ ಯಾರೂ ನೀರು ಸೇದದ ಒಂದು ಬಾವಿ. ಮಾಸ್ಟ್ರ ಟಾರ್ಚು ಬ್ಯಾಟರಿ ಮುಗಿದು ಅರಶಿನ ಬೆಳಕು ಬೀರುತ್ತಿತ್ತು. ಚಪ್ಪಲಿಯ ಅಡಿಯಲ್ಲಿ ಒಣಹುಲ್ಲು... ಚರಕ್... ಚರಕ್... ಬೇರೆ ಸದ್ದಿಲ್ಲ.

ಮಾಸ್ಟ್ರಿಗೆ ಹೆದರಿಕೆ ಆಗಲಿಲ್ಲ. ದೊಡ್ಡ ಧೈರ್ಯಶಾಲಿ ಎಂದು ತಿಳಿಯಬೇಡಿ. ಒಂದು ವರ್ಷದಿಂದ ಅವರಿಗೆ ಯಾವುದೂ ಆಗುತ್ತಿರಲಿಲ್ಲ. ಹೆಂಡತಿ ಸತ್ತ ದಿನ ಅವರು ಅಳಲಿಲ್ಲ. ತಡೆದುಕೊಂಡದ್ದಲ್ಲ, ಅಳು ಬರಲೇ ಇಲ್ಲ. ಚಕ್ಕಳಮಕ್ಕಳ ಹಾಕಿ ತುಂಬ ಹೊತ್ತು ಕೂತರೆ ಕಾಲು ಜೋಮು ಹಿಡಿಯುತ್ತದಲ್ಲ, ಚಿವುಟಿದರೂ ತಿಳಿಯದ ಹಾಗೆ... ಇಡೀ ಮನುಷ್ಯನೇ ಹಾಗೆ ಆಗಿದ್ದರು. ಆ ವರ್ಷದ ಮಳೆಗಾಲದಲ್ಲಿ ಶಂಭು ತೀರಿಹೋದ ಸುದ್ದಿಯನ್ನು ಪೇಟೆಯಲ್ಲಿ ಯಾರೋ ಹೇಳಿದಾಗಲೂ ಅಷ್ಟೇ. "ಹೌದಾ?" ಎಂದರು. ಕಟ್ಟಿಸುತ್ತಿದ್ದ ವೀಳ್ಯದೆಲೆಯನ್ನು ಕಟ್ಟಿಸಿಕೊಂಡು ಮನೆಗೆ ಬಂದರು. ಶಂಭು ಎಂದರೆ ಕಾಲೇಜಿನಲ್ಲಿ ಅವರೊಟ್ಟಿಗೆ ಒಂದೇ ಚಾಪೆಯಲ್ಲಿ ಮಲಗಿದವ!

ಮನೆ ನೋಡಿಕೊಳ್ಳುತ್ತಿದ್ದವಳು ತಂಗಿ ಸರಸ. ಅಣ್ಣ ಬದುಕಿರುವುದು ಅಭ್ಯಾಸಕ್ಕೆ ಮಾತ್ರ ಎಂದು ಅವಳಿಗೆ ಗೊತ್ತಾಗಿತ್ತು. ಆ ಬೆಳಿಗ್ಗೆ ಹೊರಡುವಾಗಲೂ ಬಾಗಿಲಲ್ಲಿ ನಿಲ್ಲಿಸಿ ಹೇಳಿದ್ದಳು.

"ಅಣ್ಣ, ಬರುವಾಗ ಕತ್ತಲಾದರೆ ಆ ಬಾವಿಯ ಹತ್ರ ಜಾಗ್ರತೆ. ಯಾರು ಹೆಸರು ಹಿಡಿದು ಕರೆದರೂ ಒಂದೇ ಕರೆಗೆ ಓಗೊಡಬೇಡಿ. ಮನುಷ್ಯರಾದರೆ ಇನ್ನೊಮ್ಮೆ ಕರೀತಾರೆ. ಕುಲೆಗಳು ಕರೆಯುವುದು ಒಂದೇ ಸಲ. ಓಗೊಟ್ಟವರನ್ನು ಕರೆದುಕೊಂಡೇ ಹೋಗುವುದು."

ಕುಲೆ ಎಂದರೆ ಸತ್ತವರು. ನಮ್ಮ ಕಡೆ ಹಾಗೇ ಹೇಳುವುದು.

"ಇಷ್ಟು ಕಲಿತವನಿಗೆ ಕುಲೆಯ ಕತೆ ಹೇಳ್ತೀಯಾ?" ಎಂದರು ಮಾಸ್ಟ್ರು.

"ಕಲಿತದ್ದು ಇರಲಿ. ಕರೆದರೆ ಹೋಗುವವರ ಹಾಗೆ ಇದ್ದೀರಿ ನೀವು. ಅದಕ್ಕೇ ನನಗೆ ಹೆದರಿಕೆ."

ಮಾಸ್ಟ್ರು ಚಪ್ಪಲಿ ಮೆಟ್ಟಿ ಹೊರಟರು. ಅವಳು ಹೇಳಿದ್ದು ಸುಳ್ಳಾಗಿರಲಿಲ್ಲ.

ಈಗ ಮೂಡುಬಿದಿರೆಯ ಸಂಗತಿ ಹೇಳಬೇಕು. ಇಲ್ಲದಿದ್ದರೆ ಮುಂದಿನದು ನಿಮಗೆ ತಲೆಬುಡ ಗೊತ್ತಾಗಲಿಕ್ಕಿಲ್ಲ.

ಮಂಗಳೂರಿನ ಕಾಲೇಜಿನಲ್ಲಿ ಇಂಟರ್ಮೀಡಿಯೆಟ್ ಓದುವಾಗ ಹಾಸ್ಟೆಲಿನ ಒಂದೇ ಸಾಲಿನಲ್ಲಿದ್ದವರು ಇವರು. ಅಜಿತಕುಮಾರ, ಇದಿನಬ್ಬ, ಕಮಲಾಕ್ಷ, ಲೋಕನಾಥ, ನಿತ್ಯಾನಂದ, ಶಂಭು. ಹಾಜರಿ ಪುಸ್ತಕದಲ್ಲಿಯೂ ಅದೇ ಕ್ರಮ. ಕಮಲಾಕ್ಷ ಪರೀಕ್ಷೆ ಮುಗಿದ ವರ್ಷವೇ ಜ್ವರದಲ್ಲಿ ಹೋದ. ನಿತ್ಯಾನಂದ ಬೊಂಬಾಯಿಗೆ ಹೋಗಿ ಅಲ್ಲೇ ತೀರಿಕೊಂಡ. ಉಳಿದವರು ನೌಕರಿ, ವ್ಯಾಪಾರ ಎಂದು ಚದುರಿದರೂ, ಪೆನ್ಶನಿನ ವಯಸ್ಸಿಗೆ ಪುನಃ ಒಟ್ಟಾದರು. ವರ್ಷಕ್ಕೊಮ್ಮೆ, ಕೊಯ್ಲು ಮುಗಿದ ಮೇಲೆ ಒಂದು ಆದಿತ್ಯವಾರ, ಮೂಡುಬಿದಿರೆಯ ಅಜಿತಕುಮಾರರ ಮನೆಯಲ್ಲಿ ಸೇರುವುದು. ಶಾಲೆಗಳ ಇನ್ಸ್ಪೆಕ್ಟರಾಗಿ ನಿವೃತ್ತರಾದವರು ಅವರು. ಜೈನರ ಮನೆಯಾದ್ದರಿಂದ ಹೊತ್ತು ಮುಳುಗುವ ಮೊದಲೇ ಊಟ. ಇದಿನಬ್ಬರನ್ನು ಬೇರೆ ಕೂರಿಸಬಾರದೆಂದು ಎಲ್ಲರ ಎಲೆಯೂ ಹೊರಗಿನ ಜಗಲಿಯಲ್ಲೇ.

ಎಲೆ ಹಾಕುವ ಮೊದಲು ಒಂದು ಆಟ ಉಂಟು. ಹಾಜರಿ ಕರೆಯುವ ಆಟ.

ಆ ಕಾಲದಲ್ಲಿ ಅವರಿಗೆ ತರ್ಕಶಾಸ್ತ್ರಕ್ಕೆ ಒಬ್ಬ ಪ್ರೊಫೆಸರಿದ್ದರಂತೆ, ತಂಜಾವೂರಿನವರು. ಶಂಭುವಿನದೊಂದು ಬಿಟ್ಟು ಎಲ್ಲರ ಹೆಸರಿನ ಬಾಲಕ್ಕೂ ಒಂದು 'ನ್' ಅಂಟಿಸಿ ಕರೆಯುವರು. ತಲೆ ಎತ್ತುವುದಿಲ್ಲ. ಹೆಸರು ಒಂದೇ ಸಲ. ಮತ್ತೆ ಪೆನ್ಸಿಲಿನಿಂದ ಮೇಜಿಗೆ... ಟಕ್. ಆ ಟಕ್ ಆಗುವುದರೊಳಗೆ ಉತ್ತರ ಬಂತೋ, ಹಾಜರಿ. ಬರಲಿಲ್ಲವೋ, ಆಬ್ಸೆಂಟ್. ಅಜಿತಕುಮಾರರು ಕುರ್ಚಿಯಲ್ಲಿ ಕುಳಿತು ಥೇಟು ಅವರದ್ದೇ ಮೂಗುಸ್ವರದಲ್ಲಿ ಕರೆಯುತ್ತಿದ್ದರು. ಉಳಿದ ಮುದುಕರು ಕೈಕಟ್ಟಿ ನಿಂತು "ಪ್ರೆಸೆಂಟ್ ಸರ್" ಅನ್ನುವುದು. ಸತ್ತವರ ಹೆಸರನ್ನೂ ಬಿಡುತ್ತಿರಲಿಲ್ಲ. ಕಮಲಾಕ್ಷನ್ ಎಂದು ಕರೆದು, ಸ್ವಲ್ಪ ಹೊತ್ತು ಸುಮ್ಮನಿದ್ದು, ಆಬ್ಸೆಂಟ್... ಟಕ್.

ಆ ದಿನ ಹಾಗೇ ಶಂಭುವಿನ ಹೆಸರಿನವರೆಗೆ ಬಂತು. ಅವನು ಸತ್ತ ಮೇಲೆ ಮೊದಲ ಹಾಜರಿ ಅದು.

"ಶಂಭು..."

ಎಲ್ಲರೂ ನೆಲ ನೋಡಿದರು. ಎತ್ತಿದ ಪೆನ್ಸಿಲು ಕೆಳಗೆ ಇಳಿಯಲೊಲ್ಲದು. ಆಗ ಲೋಕನಾಥ ಮಾಸ್ಟ್ರ ಬಾಯಿಂದ ಬಂತು. ಮೊದಲು ಎರಡು ಸಣ್ಣ ಕೆಮ್ಮು, ಕುಹ್... ಕುಹ್... ಮತ್ತೆ, "ಪ್ರೆಸೆಂಟ್ ಸರ್."

ಟಕ್.

ಶಂಭುವಿಗೆ ಹುಡುಗನಾಗಿದ್ದಾಗಿನಿಂದ ಎದೆಯ ಕಾಯಿಲೆ. ಕೆಮ್ಮದೆ ಬಾಯಿ ತೆರೆದವನಲ್ಲ.

"ಪ್ರಾಕ್ಸಿ! ಸರ್, ಪ್ರಾಕ್ಸಿ!" ಎಂದು ಇದಿನಬ್ಬ ಕೈ ತಟ್ಟಿ ನಕ್ಕರು. ನಕ್ಕವರು ಕಣ್ಣು ಒರೆಸಿಕೊಂಡರು.

ಅಡುಗೆಮನೆಯಿಂದ ಅಜಿತಕುಮಾರರ ಹೆಂಡತಿ ಕಮಲಾವತಿಯಮ್ಮನ ಸ್ವರ ಬಂತು. "ಅದು ಲೋಕನಾಥಣ್ಣನ ಸ್ವರ. ಕೆಮ್ಮು ಸೇರಿಸಿದ್ರೆ ನನಗೆ ಗೊತ್ತಾಗುದಿಲ್ವಾ? ನಾನು ಮೂರೇ ಎಲೆ ಹಾಕುದು."

ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮನುಷ್ಯರನ್ನು ಸ್ವರದಲ್ಲೇ ಗುರುತಿಸುವುದು. ಜಗಲಿಯಲ್ಲಿ ಎಷ್ಟು ಸ್ವರ ಕೇಳಿತೋ ಅಷ್ಟು ಎಲೆ. ಒಂದು ದಿನವೂ ತಪ್ಪಿದವರಲ್ಲ.

ಬಸ್ಸಿಗೆ ಹೊರಡುವಾಗ ಅಜಿತಕುಮಾರರು ಮಾಸ್ಟ್ರನ್ನು ಒಂದು ಪಕ್ಕಕ್ಕೆ ಕರೆದು ತಗ್ಗಿದ ಸ್ವರದಲ್ಲಿ ಹೇಳಿದರು. "ನೀನು ಹಾಗೆ ಹೇಳಬಾರದಿತ್ತು ಲೋಕನಾಥ."

"ತಮಾಷೆಗೆ ಮಾರಾಯ."

"ತಮಾಷೆಗೇ. ಆದ್ರೆ ನಾನು ಅವನಿಗೆ ಹಾಜರಿ ಕೊಟ್ಟಾಯ್ತಲ್ಲ..."

ಯಾಕೆ ಹೇಳಿದೆ ಎಂದು ಮಾಸ್ಟ್ರಿಗೂ ಗೊತ್ತಿರಲಿಲ್ಲ. ಗದ್ದೆಯ ಹುಣಿಯ ಮೇಲೆ ನಡೆಯುವಾಗ ಅವರ ತಲೆಯಲ್ಲಿ ಅದೇ ತಿರುಗುತ್ತಿತ್ತು. ಕಾಲೇಜಿನಲ್ಲಿ ಪ್ರಾಕ್ಸಿ ಹೇಳುತ್ತಿದ್ದವನು ಶಂಭು. ಲೋಕನಾಥನಿಗೆ ಆಟ ನೋಡುವ ಹುಚ್ಚು. ರಾತ್ರಿಯಿಡೀ ಯಕ್ಷಗಾನ, ಬೆಳಿಗ್ಗೆ ನಿದ್ದೆ. ಮೊದಲ ಪಾಠಕ್ಕೆ ಅವನ ಹೆಸರು ಕರೆದಾಗ ಶಂಭು ಮೂಗು ಒತ್ತಿ ಹಿಡಿದು "ಪ್ರೆಸೆಂಟ್ ಸರ್" ಅನ್ನುವನು. ಆದರೆ ಆ ಕೆಮ್ಮು ಬಿಡಬೇಕಲ್ಲ! ಪ್ರೊಫೆಸರು ಅನುಮಾನದಿಂದ ತಲೆ ಎತ್ತುವರು. ಆಮೇಲೆ ಶಂಭುವಿನ ಹೆಸರೇ ಬಂದಾಗ, ಅದೇ ಕೆಮ್ಮು ಇನ್ನೊಮ್ಮೆ ಕೇಳಿಸಿದರೆ ಸಿಕ್ಕಿಬೀಳುತ್ತೇನೆಂದು ಅವನು ಬಾಯಿ ಮುಚ್ಚಿ ಕೂರುವನು. ಹಾಗೆ ಲೋಕನಾಥನ ಹಾಜರಿ ಭರ್ತಿಯಾಯಿತು, ಶಂಭುವಿನದು ಸಾಲದೆ ಪರೀಕ್ಷೆಗೆ ಕೂರಿಸಲಿಲ್ಲ. ಒಂದು ವರ್ಷ ಹೋಯಿತು. "ಒಂದು ವರ್ಷ ಹೆಚ್ಚು ಮಂಗಳೂರು ನೋಡಿದೆ, ನಷ್ಟ ಎಂತದು?" ಎಂದದ್ದು ಬಿಟ್ಟರೆ, ಬೆಳ್ತಂಗಡಿಯಲ್ಲಿ ಪೋಸ್ಟ್ ಮಾಸ್ಟರಾಗಿ ನಿವೃತ್ತನಾಗುವವರೆಗೂ ಅವನು ಆ ಮಾತು ಎತ್ತಲಿಲ್ಲ.

ಗೋಳಿಮರ ಬಂತು.

ಟಾರ್ಚು ಒಮ್ಮೆ ಕಣ್ಣು ಮಿಟುಕಿಸಿ ಆರಿತು. ಅಷ್ಟು ಹೊತ್ತು ಕೂಗುತ್ತಿದ್ದ ಜೀರುಂಡೆಗಳು ಒಮ್ಮೆಲೇ ನಿಂತವು. ಗಾಳಿ ಇಲ್ಲ. ಆಗ ಬಾವಿಯ ಕಡೆಯಿಂದ...

ಟಕ್.

ಗೋಳಿಹಣ್ಣು ಬಾವಿಗೆ ಬಿದ್ದಿರಬೇಕು ಎಂದುಕೊಂಡರು ಮಾಸ್ಟ್ರು. ಆದರೆ ಹಣ್ಣು ನೀರಿಗೆ ಬಿದ್ದರೆ ಬುಳುಕ್ ಅನ್ನಬೇಕು. ಇದು ಮರಕ್ಕೆ ಮರ ತಾಗಿದ ಸದ್ದು.

"ಅಜಿತಕುಮಾರನ್..."

ಮಾಸ್ಟ್ರ ಕಾಲು ನಿಂತಿತು. ಮೂಗಿನ ಸ್ವರ. ಏರಿಲ್ಲ, ಇಳಿವಿಲ್ಲ. ಅಜಿತಕುಮಾರರು ಅಣಕಿಸುವ ಸ್ವರ ಅಲ್ಲ ಅದು, ಅಣಕಿಸಿದ್ದು ಯಾವುದನ್ನೋ ಅದೇ. ಆ ಪ್ರೊಫೆಸರು ಸತ್ತು ಎಷ್ಟೋ ವರ್ಷವಾಗಿತ್ತು. ಬಾವಿಯ ಹತ್ತಿರ ಯಾರೂ ಉತ್ತರ ಕೊಡಲಿಲ್ಲ. ಸ್ವಲ್ಪ ಹೊತ್ತು... ಟಕ್.

"ಇದಿನಬ್ಬನ್..."

ಉತ್ತರವಿಲ್ಲ. ಟಕ್.

"ಕಮಲಾಕ್ಷನ್..."

"ಪ್ರೆಸೆಂಟ್ ಸರ್."

ಎಳೆಯ ಸ್ವರ. ಆಗಷ್ಟೇ ಒಡೆದ ಗಂಟಲು. ಜ್ವರದಲ್ಲಿ ಹೋದ ಹುಡುಗನ ಸ್ವರಕ್ಕೆ ವಯಸ್ಸೇ ಆಗಿರಲಿಲ್ಲ. ಟಕ್.

ಆಗ ಮಾಸ್ಟ್ರಿಗೆ ಅರ್ಥವಾಯಿತು. ಇಲ್ಲಿ ಹಾಜರಿ ಹೇಳುವವರು ಯಾರು, ಸುಮ್ಮನಿರುವವರು ಯಾರು ಎಂದು. ಮುಂದಿನ ಹೆಸರು ಯಾರದೆಂದೂ ಗೊತ್ತಿತ್ತು. ಓಡಬಹುದಿತ್ತು. ಓಡಲಿಲ್ಲ.

"ಲೋಕನಾಥನ್..."

ಸರಸ ಹೇಳಿದ್ದು ನೆನಪಾಯಿತು. ಒಂದೇ ಕರೆಗೆ ಓಗೊಡಬೇಡಿ. ಆದರೆ ಈ ಮನುಷ್ಯ ಬದುಕಿದ್ದಾಗಲೂ ಒಂದೇ ಸಲ ಕರೆದವರು, ಆ ಒಂದೇ ಕರೆಗೆ ಓಗೊಡುವುದನ್ನು ಕಲಿಸಿದವರೇ ಅವರು. ಮಾಸ್ಟ್ರ ಕೈಗಳು ತಾವಾಗಿ ಕಟ್ಟಿಕೊಂಡವು. ಹೇಳಿಬಿಟ್ಟರೆ ಏನಾದೀತು? ಮನೆಯಲ್ಲಿ ಅಮ್ಮಣ್ಣಿ ಇಲ್ಲ. ಬೆಳಿಗ್ಗೆ ಎದ್ದು ಮಾಡುವ ಕೆಲಸ ಇಲ್ಲ. ಅಳು ಇಲ್ಲ, ರುಚಿ ಇಲ್ಲ. ಇದ್ದೂ ಇಲ್ಲದ ಕಡೆ ಇರುವುದಕ್ಕಿಂತ ಹಾಜರಿ ಇರುವ ಕಡೆ ಹೋಗುವುದೇ ಸರಿ ಅನ್ನಿಸಿತು. ತುಟಿಗೆ ತುಟಿ ಕೂಡಿತ್ತು, 'ಪ್ರೆ' ಅನ್ನಲಿಕ್ಕೆ...

ಕುಹ್... ಕುಹ್...

ಬಾವಿಯ ಆಚೆ ಬದಿಯಿಂದ. ಹತ್ತಿರದಿಂದಲೇ.

"ಪ್ರೆಸೆಂಟ್ ಸರ್."

ಮೂಗು ಒತ್ತಿ ಹಿಡಿದು, ಗಂಟಲು ದಪ್ಪ ಮಾಡಿ ಹೇಳಿದ ಸ್ವರ. ಲೋಕನಾಥನ ಸ್ವರದ ಹಾಗೆ ಮಾಡಲು ಹೋಗಿ, ಯಾವತ್ತಿನಂತೆ, ಹಾಗೆ ಆಗದೆ ಹೋದ ಸ್ವರ.

ಪೆನ್ಸಿಲು ಬೀಳಲಿಲ್ಲ. ಪ್ರೊಫೆಸರು ತಲೆ ಎತ್ತಿದರೆ ತರಗತಿಯಲ್ಲಿ ಹೀಗೇ ಮೌನವಾಗುತ್ತಿತ್ತು. ಮಾಸ್ಟ್ರು ಉಸಿರು ಬಿಗಿಹಿಡಿದರು. ಕತ್ತಲೆಯಲ್ಲಿ ಏನೋ ತಮ್ಮ ಕಡೆ ತಿರುಗಿತು ಎಂದು ಅವರಿಗೆ ಗೊತ್ತಾಯಿತು. ಕಂಡದ್ದಲ್ಲ... ಗೊತ್ತಾದದ್ದು. ಆಗ ಅವರಿಗೆ ಹೆದರಿಕೆ ಆಯಿತು. ಒಂದು ವರ್ಷದಲ್ಲಿ ಅವರಿಗೆ ಆದ ಮೊದಲನೆಯ ಸಂಗತಿ ಆ ಹೆದರಿಕೆ. ಬೆನ್ನಿನಲ್ಲಿ ಬೆವರು ಹರಿದದ್ದು ತಿಳಿಯಿತು.

ಟಕ್.

"ನಿತ್ಯಾನಂದನ್..."

"ಪ್ರೆಸೆಂಟ್ ಸರ್."

ಟಕ್.

"ಶಂಭು..."

ಯಾರೂ ಹೇಳಲಿಲ್ಲ. ಕೆಮ್ಮನ್ನು ಒತ್ತಿ ನುಂಗುವ ಒಂದು ಸಣ್ಣ ಸದ್ದು... ಅಷ್ಟೇ. ಮಾಸ್ಟ್ರಿಗೆ ಕೂಗಬೇಕೆನಿಸಿತು, ಹೇಳು ಮಾರಾಯ, ನಿನ್ನದೇ ಹೆಸರು! ಅಷ್ಟರಲ್ಲಿ...

"ಆಬ್ಸೆಂಟ್."

ಟಕ್. ಮತ್ತೆ ದಪ್ಪ ಪುಸ್ತಕ ಮುಚ್ಚಿದ ಸದ್ದು, ದಪ್ಪ್. ಜೀರುಂಡೆಗಳು ಕೂಗತೊಡಗಿದವು.

ಮನೆಯ ಬಾಗಿಲಲ್ಲಿ ಸರಸ ಲಾಟೀನು ಹಿಡಿದು ನಿಂತಿದ್ದಳು. ಅಣ್ಣನ ಮುಖ ನೋಡಿ ಅವಳ ಸ್ವರ ತಗ್ಗಿತು.

"ಯಾರಾದ್ರೂ ಕರೆದ್ರಾ?"

"ಕರೆದ್ರು."

"ಓಗೊಟ್ರಾ?"

"ನನಗೆ ಬೇಕಾಗ್ಲಿಲ್ಲ," ಎಂದರು ಮಾಸ್ಟ್ರು. ಕಾಲು ತೊಳೆದು ಒಳಗೆ ಬಂದು ಕುಳಿತರು. "ಗಂಜಿ ಉಂಟಾ ಸರಸ? ಹಸಿವಾಗ್ತದೆ."

ಅವಳು ಬೇರೇನೂ ಕೇಳದೆ ಬಡಿಸಿದಳು. ಮಾಸ್ಟ್ರು ಒಂದು ತುತ್ತು ಬಾಯಿಗಿಟ್ಟು ಹೇಳಿದರು. "ಉಪ್ಪು ಸಾಲದು."

ಒಂದು ವರ್ಷ ಅವಳು ಹಾಕಿದ್ದನ್ನೆಲ್ಲ ಬಾಯಿಮುಚ್ಚಿ ಉಂಡ ಮನುಷ್ಯ. ಉಪ್ಪು ಹೆಚ್ಚಾದ ದಿನವೂ ಮಾತಿಲ್ಲ, ಹಾಕಲು ಮರೆತ ದಿನವೂ ಮಾತಿಲ್ಲ. ಉಪ್ಪು ಇಟ್ಟ ಮರದ ಮರಿಗೆ ತರಲೆಂದು ಒಳಗೆ ಹೋದ ಸರಸ ಕತ್ತಲೆಯಲ್ಲಿ ನಿಂತು ಸೆರಗು ಬಾಯಿಗೊತ್ತಿ ಅತ್ತಳು. ಇದನ್ನು ಅವಳೇ ನಮ್ಮ ಅಮ್ಮನ ಹತ್ತಿರ ಹೇಳಿದ್ದು.

ಕತೆ ಇಲ್ಲಿಗೆ ಮುಗಿದಿದ್ದರೆ ಮಾಸ್ಟ್ರಿಗೆ ಬಿಸಿಲು ತಾಗಿತ್ತು, ಮುದುಕರ ಭ್ರಮೆ, ಹಾಗೆ ಹೀಗೆ ಅಂತ ನೀವು ಹೇಳಬಹುದಿತ್ತು. ಮುಗಿಯಲಿಲ್ಲ.

ಮುಂದಿನ ವರ್ಷ ಪುನಃ ಮೂಡುಬಿದಿರೆ. ಅದೇ ಜಗಲಿ, ಅಜಿತಕುಮಾರರು ಕುರ್ಚಿಯಲ್ಲಿ, ಇವರಿಬ್ಬರು ಕೈಕಟ್ಟಿ. ಬಾವಿಯ ಸಂಗತಿಯನ್ನು ಮಾಸ್ಟ್ರು ಅಲ್ಲಿಯವರೆಗೆ ಯಾರಲ್ಲೂ ಬಾಯಿಬಿಟ್ಟಿರಲಿಲ್ಲ. ಶಂಭುವಿನ ಹೆಸರಿಗೆ ಈ ಸಲ ತುಟಿ ಬಿಚ್ಚಬಾರದೆಂದು ಮಾತ್ರ ನಿಶ್ಚಯ ಮಾಡಿಕೊಂಡು ಬಂದಿದ್ದರು.

"ಶಂಭು..."

ಮಾಸ್ಟ್ರು ಹಲ್ಲು ಕಚ್ಚಿ ನಿಂತರು. ಇದಿನಬ್ಬ ಅವರ ಬಾಯಿಯನ್ನೇ ನೋಡುತ್ತಿದ್ದರು. ಅದು ಮುಚ್ಚಿಯೇ ಇತ್ತು. ಜಗಲಿಯಲ್ಲಿ ಒಂದು ಸದ್ದೂ ಆಗಲಿಲ್ಲ, ಇದನ್ನು ನೆನಪಿಡಿ. ಅಜಿತಕುಮಾರರು ಕಾದು, ಪೆನ್ಸಿಲು ಇಳಿಸುತ್ತಾ, "ಆಬ್..." ಅಂದರು.

"ಆಬ್ಸೆಂಟ್ ಹಾಕ್ಬೇಡಿ," ಎಂದರು ಒಳಗಿನಿಂದ ಕಮಲಾವತಿಯಮ್ಮ. "ಹೇಳಿದ್ರಲ್ಲ."

"ಯಾರು ಹೇಳಿದ್ದು? ಇಲ್ಲಿ ಯಾರೂ ಹೇಳ್ಲಿಲ್ಲ."

"ಕೆಮ್ಮಿದ್ದೂ ಕೇಳಿತು, ಹೇಳಿದ್ದೂ ಕೇಳಿತು."

ಇದಿನಬ್ಬ ನಗಲು ನೋಡಿದರು. "ಈ ಲೋಕನಾಥನೇ ಇರ್ಬೇಕು ಅಕ್ಕ, ಹೋದ ವರ್ಷದ ಹಾಗೆ."

ಒಳಗೆ ಸೌಟು ಪಾತ್ರೆಗೆ ತಾಗಿದ ಸದ್ದು.

"ಈ ಸಲ ಲೋಕನಾಥಣ್ಣನ ಸ್ವರ ಅಲ್ಲ."

ಮಾಸ್ಟ್ರು ಆಗ ಹೇಳಿದರು, ಬಾವಿಯ ಹತ್ತಿರ ನಡೆದದ್ದನ್ನೆಲ್ಲ. ಪಿಸುಮಾತಿನಲ್ಲಿ. ಅಲ್ಲಿ ಆಬ್ಸೆಂಟ್ ಆದವನು ಇಲ್ಲಿಗೆ ಬಂದಿದ್ದಾನೆ ಎಂದು ಬೇರೆ ಬಿಡಿಸಿ ಹೇಳಬೇಕಾಗಲಿಲ್ಲ. ಕೊನೆಗೆ ಅಜಿತಕುಮಾರರು ಪೆನ್ಸಿಲನ್ನು ಕುರ್ಚಿಯ ಕೈಗೆ ತಾಗಿಸಿದರು. ಟಕ್.

ಕಮಲಾವತಿಯಮ್ಮ ಗೋಡೆ ಸವರಿಕೊಂಡು ಬಂದು ಎಲೆ ಹಾಸಿದರು. ಒಂದು, ಎರಡು, ಮೂರು... ಮತ್ತೊಂದು, ಮಾಸ್ಟ್ರ ಪಕ್ಕಕ್ಕೆ. ಮಾಸ್ಟ್ರು ಸ್ವಲ್ಪ ಆಚೆ ಸರಿದು ಕುಳಿತು ಜಾಗ ಬಿಟ್ಟರು. ಬಹಳ ಕಾಲದ ಮೇಲೆ ಅವರಿಗೆ ಸಂತೋಷವಾಯಿತಂತೆ, ಜೊತೆಗೆ ಕಣ್ಣಲ್ಲಿ ನೀರೂ ಬಂತಂತೆ. ಹೊತ್ತು ಮುಳುಗುವ ಮೊದಲು ಎಲ್ಲರ ಊಟವಾಯಿತು.

ಸುಳ್ಳು ಹೇಳಿ ನನಗೆ ಆಗಬೇಕಾದ್ದು ಏನೂ ಇಲ್ಲ. ಮಾಸ್ಟ್ರು ಈಗಲೂ ಗಟ್ಟಿಯಾಗಿದ್ದಾರೆ, ನಾಳೆ ಬೆಳಿಗ್ಗೆ ಹೋಗಿ ಕೇಳಿ. ಇದಿನಬ್ಬರನ್ನೂ ಕೇಳಿ. ಕಣ್ಣು ಕಾಣದ ಹೆಂಗಸು ಎಣಿಕೆ ತಪ್ಪಿರಬಹುದು ಎಂದು ನೀವು ಹೇಳೀರಿ. ಎರಡು ವರ್ಷದ ಹಿಂದೆ ಕಮಲಾವತಿಯಮ್ಮನ ಪೊರೆ ತೆಗೆಸಿಯಾಯಿತು, ಮಂಗಳೂರಿಗೆ ಕರೆದುಕೊಂಡು ಹೋಗಿ. ಈಗ ಎರಡು ಕಣ್ಣೂ ಚೆನ್ನಾಗಿ ಕಾಣುತ್ತದೆ, ಸೂಜಿಗೆ ನೂಲು ಪೋಣಿಸುತ್ತಾರೆ. ಮೊನ್ನೆಯ ಆದಿತ್ಯವಾರ ಜಗಲಿಗೆ ಬಂದು, ಕುಳಿತ ಮೂವರನ್ನು ಒಮ್ಮೆ ನೋಡಿ, ಅವರು ಹಾಸಿದ್ದು ನಾಲ್ಕು ಎಲೆ.